ಕೋರ್ಟಿಸ್ ತಂಡದ ಹಾಡುಗಳ ಕುರಿತು ಒಬ್ಬ ಕೇಳುಗನ ಮಾತು

ಮಾನ್ಯ ಸಂಪಾದಕರೇ,

ದಕ್ಷಿಣ ಕೊರಿಯಾದ ಬಿಗ್‌ಹಿಟ್ ಮ್ಯೂಸಿಕ್ ಸಂಸ್ಥೆಯ ಹೊಸ ಗಾಯಕ ತಂಡವಾದ ಕೋರ್ಟಿಸ್, 2025ರ ಸೆಪ್ಟೆಂಬರ್ 8ರಂದು ತನ್ನ ಮೊದಲ ಕಿರು ಆಲ್ಬಂ ‘ಕಲರ್ ಔಟ್‌ಸೈಡ್ ದ ಲೈನ್ಸ್’ ಬಿಡುಗಡೆ ಮಾಡಿದೆ. ಕೆ-ಪಾಪ್ ಎಂಬ ಕೊರಿಯಾದ ಜನಪ್ರಿಯ ಸಂಗೀತದ ಬಗ್ಗೆ ನಮ್ಮ ಪತ್ರಿಕೆಗಳಲ್ಲಿ ಬರುವ ಬರಹಗಳು ಬಹುತೇಕ ಎಷ್ಟು ಪ್ರತಿ ಮಾರಾಟವಾಯಿತು, ವಿಡಿಯೊವನ್ನು ಎಷ್ಟು ಕೋಟಿ ಜನ ನೋಡಿದರು, ಅಭಿಮಾನಿಗಳು ಎಷ್ಟು ಸೇರಿದರು ಎಂಬಲ್ಲಿಗೇ ನಿಂತುಬಿಡುತ್ತವೆ. ಹಾಡು ಹೇಗಿದೆ ಎಂಬ ಮಾತಿಗೆ ಅಲ್ಲಿ ಜಾಗ ಸಿಗುವುದು ಅಪರೂಪ. ನಾನು ಯಾವ ತಂಡದ ಅಭಿಮಾನಿ ಬಳಗಕ್ಕೂ ಸೇರಿದವನಲ್ಲ. ಸುಗಮ ಸಂಗೀತವನ್ನೂ ಚಿತ್ರಗೀತೆಗಳನ್ನೂ ಕೇಳಿ ಬೆಳೆದವನು, ಮನೆಯ ಮಕ್ಕಳು ಹಾಕಿದಾಗ ಕೆ-ಪಾಪ್ ಕೇಳುವವನು. ಆ ನೆಲೆಯಲ್ಲಿ ನಿಂತು ಈ ಐದು ಹಾಡುಗಳ ಬಗ್ಗೆ ಬರೆಯುತ್ತಿದ್ದೇನೆ, ಏಕೆಂದರೆ ಇವು ಗಮನವಿಟ್ಟು ಕೇಳಬೇಕಾದ ಹಾಡುಗಳು ಎಂದು ನನಗೆ ಪ್ರಾಮಾಣಿಕವಾಗಿ ಅನ್ನಿಸಿದೆ.

2013ರಲ್ಲಿ ಬಿಟಿಎಸ್, 2019ರಲ್ಲಿ ಟುಮಾರೋ ಬೈ ಟುಗೆದರ್, ಅದಾದ ಮೇಲೆ ಈ ಸಂಸ್ಥೆ ಪರಿಚಯಿಸಿರುವ ಹುಡುಗರ ತಂಡ ಇದು. ಐವರಿದ್ದಾರೆ, ಆಲ್ಬಂ ಬಂದಾಗ ಹಿರಿಯನಿಗೆ ಹತ್ತೊಂಬತ್ತು ವರ್ಷ, ಕಿರಿಯರಿಗೆ ಹದಿನಾರು. 2025ರ ಆಗಸ್ಟ್ 18ರಂದು ‘ವಾಟ್ ಯು ವಾಂಟ್’ ಎಂಬ ಹಾಡಿನೊಂದಿಗೆ ಅವರು ಮೊದಲ ಬಾರಿ ಕೇಳುಗರ ಮುಂದೆ ಬಂದರು.

ನಾನು ಈವರೆಗೆ ಕೇಳಿದ ಕೆ-ಪಾಪ್ ಹಾಡುಗಳಲ್ಲಿ ಸದ್ದು ತುಂಬಿ ತುಳುಕುತ್ತಿರುತ್ತಿತ್ತು. ಬೇರೆ ಬೇರೆ ದೇಶಗಳ ಹಲವು ಸಂಯೋಜಕರು ಒಟ್ಟಿಗೆ ಕುಳಿತು ಕಟ್ಟಿದ ಮೂರು ನಿಮಿಷದ ಹಾಡಿನಲ್ಲಿ ರ‍್ಯಾಪ್, ಮೆಲುದನಿಯ ಗಾಯನ, ನೃತ್ಯಕ್ಕೆಂದೇ ಬಿಟ್ಟ ವಾದ್ಯಭಾಗ, ಕೊನೆಯಲ್ಲೊಂದು ಎತ್ತರದ ಸ್ವರ ಎಲ್ಲವೂ ಸರದಿಯಂತೆ ಬರುತ್ತಿದ್ದವು. ಕೋರ್ಟಿಸ್‌ನ ‘ಗೋ!’ ಹಾಡಿನಲ್ಲಿ ಇಂಥ ಧಾರಾಳವಿಲ್ಲ. ಅಮೆರಿಕದ ಅಟ್ಲಾಂಟಾದಲ್ಲಿ ಹುಟ್ಟಿದ ಟ್ರ್ಯಾಪ್ ಎಂಬ ಹಿಪ್‌ಹಾಪ್ ಶೈಲಿಯ ತಾಳ, ಅದರ ಮೇಲೆ ಸಿಂಥಸೈಜರ್ ಎಂಬ ವಿದ್ಯುನ್ಮಾನ ವಾದ್ಯದ ಒಂದು ಒರಟು ದನಿ, ಇಷ್ಟರಲ್ಲೇ ಹಾಡು ನಿಲ್ಲುತ್ತದೆ. ತಾಳದ ಪೆಟ್ಟುಗಳ ನಡುವೆ ಬಿಟ್ಟಿರುವ ಖಾಲಿ ಜಾಗವೇ ಇದರ ಬಲ, ಹಾಡುವ ಹುಡುಗರು ಆ ಜಾಗವನ್ನು ತುಂಬುವ ಆತುರ ತೋರಿಸುವುದಿಲ್ಲ. ಹದಿಹರೆಯದವರ ಮೊದಲ ಆಲ್ಬಂನಲ್ಲಿ ಈ ಸಂಯಮ ಕಂಡು ನನಗೆ ನಿಜಕ್ಕೂ ಸಂತೋಷವಾಯಿತು.

‘ವಾಟ್ ಯು ವಾಂಟ್’ ಇನ್ನೊಂದು ಬಗೆಯದು. 1960ರ ದಶಕದ ಸೈಕೆಡೆಲಿಕ್ ರಾಕ್ ಸಂಗೀತವನ್ನು ನೆನಪಿಸುವ ಗಿಟಾರಿನ ಪಲುಕೊಂದು ಮತ್ತೆ ಮತ್ತೆ ಬರುತ್ತದೆ, ಅದರ ಕೆಳಗೆ ನ್ಯೂಯಾರ್ಕಿನ ಹಳೆಯ ಹಿಪ್‌ಹಾಪ್‌ನ ಬೂಮ್ ಬ್ಯಾಪ್ ಎಂಬ, ಡ್ರಮ್ಮಿನ ಗಟ್ಟಿ ಪೆಟ್ಟುಗಳ ಲಯ ನಡೆಯುತ್ತದೆ. ಟ್ರೆಡ್‌ಮಿಲ್ ಮೇಲೆ ಕುಣಿಯುವ ಅದರ ವಿಡಿಯೊದ ಬಗ್ಗೆಯೇ ಎಲ್ಲರೂ ಮಾತನಾಡಿದರು. ಕಣ್ಣು ಮುಚ್ಚಿ ಕೇಳಿದಾಗ ನನಗೆ ಉಳಿದದ್ದು ಆ ಗಿಟಾರ್ ಮಾತ್ರ. ಪಲ್ಲವಿ ಗಿಟಾರಿನಷ್ಟು ಗಟ್ಟಿಯಾಗಿಲ್ಲ ಎಂದು ಹೇಳದೆ ವಿಧಿಯಿಲ್ಲ.

ಈ ಆಲ್ಬಂನಲ್ಲಿ ನನಗೆ ಬಹಳ ಹಿಡಿಸಿದ್ದು ‘ಫ್ಯಾಷನ್’. ಹೆಸರು ಕೇಳಿದಾಗ ದುಬಾರಿ ಬ್ರ್ಯಾಂಡುಗಳ ಪ್ರದರ್ಶನವಿರಬಹುದು ಎಂದುಕೊಳ್ಳುವವರೇ ಹೆಚ್ಚು. ಅಂಥ ಬ್ರ್ಯಾಂಡುಗಳ ಜಾಹೀರಾತಿನಲ್ಲಿ ಕಾಣಿಸಿಕೊಳ್ಳುವುದು ಈ ಉದ್ಯಮದ ಗಾಯಕರಿಗೆ ಹೊಸತಲ್ಲವಲ್ಲ. ಆದರೆ ಅನುವಾದದ ನೆರವಿನಿಂದ ಸಾಹಿತ್ಯ ಓದಿದರೆ ಸಿಗುವುದು ಬೇರೆ. ಅಗ್ಗದ ಬೆಲೆಗೆ ಕೊಂಡ ಟೀ ಶರ್ಟು, ಪ್ಯಾಂಟುಗಳ ಬಗ್ಗೆ ಹುಡುಗರು ಹೆಮ್ಮೆಯಿಂದ ಹಾಡುತ್ತಾರೆ, ಕಾಲೇಜು ಹುಡುಗರು ತಿರುಗಾಡುವ ಹೊಂಗ್‌ಡೆ, ಹಳೆಯ ಬಟ್ಟೆಗಳ ಸಂತೆಗೆ ಹೆಸರಾದ ದೊಂಗ್‌ಮ್ಯೊ ಎಂಬ ಸೋಲ್ ನಗರದ ಎರಡು ಬಡಾವಣೆಗಳನ್ನು ಹೆಸರಿಟ್ಟು ಕರೆಯುತ್ತಾರೆ. ದೊಂಗ್‌ಮ್ಯೊದ ಸಂತೆಯಲ್ಲಿ ಹಿಂದೆಲ್ಲ ವಯಸ್ಸಾದವರೇ ಹೆಚ್ಚಾಗಿ ಕಾಣುತ್ತಿದ್ದರಂತೆ, ಈಚಿನ ವರ್ಷಗಳಲ್ಲಿ ಹುಡುಗರೂ ಅಲ್ಲಿ ಬಟ್ಟೆ ಹುಡುಕುತ್ತಿದ್ದಾರೆ. ತಾಳ ಅಮೆರಿಕದ ಕಪ್ಪು ಜನಾಂಗದ ಸಂಗೀತದಿಂದ ಬಂದಿದ್ದರೂ ಮಾತು ತಮ್ಮ ಊರಿನ ಬೀದಿಯದಾಗಿದೆ, ಆದ್ದರಿಂದಲೇ ಈ ಹಾಡು ಎರವಲು ತಂದದ್ದು ಎನ್ನಿಸುವುದಿಲ್ಲ. ಕನ್ನಡದಲ್ಲಿ ರ‍್ಯಾಪ್ ಬರೆಯುವ ನಮ್ಮ ಯುವಕರು ಈ ಒಂದು ಹಾಡನ್ನಾದರೂ ಕೇಳಬೇಕು ಎಂಬುದು ನನ್ನ ಆಸೆ. ಚಿಕ್ಕಪೇಟೆಯ ಗಲ್ಲಿಗಳಲ್ಲೂ ಹುಬ್ಬಳ್ಳಿಯ ದುರ್ಗದ ಬೈಲಿನಲ್ಲೂ ಇಂಥ ಹಾಡಿಗೆ ಬೇಕಾದ ಸಾಮಗ್ರಿ ಬೇಕಾದಷ್ಟಿದೆ.

‘ಜಾಯ್‌ರೈಡ್’ ಗಿಟಾರ್ ಪ್ರಧಾನವಾದ ಹಗುರ ಹಾಡು, ಕೇಳಲು ಹಿತವಾಗಿದೆ. ಕೊನೆಯ ‘ಲಲಬೈ’ ಗದ್ದಲ ತಗ್ಗಿಸಿ ನಿಧಾನಕ್ಕಿಳಿಯುತ್ತದೆ.

ದೂರುಗಳೂ ಇವೆ. ಐದೂ ಹಾಡು ಸೇರಿ ಹೆಚ್ಚು ಕಡಿಮೆ ಕಾಲು ಗಂಟೆಯೊಳಗೆ ಮುಗಿದುಹೋಗುತ್ತವೆ, ಒಂದೆರಡು ಹಾಡುಗಳಲ್ಲಂತೂ ಎರಡನೆಯ ಚರಣ ಬಿಚ್ಚಿಕೊಳ್ಳುವ ಹೊತ್ತಿಗೆ ಎಲ್ಲ ನಿಂತುಬಿಡುತ್ತದೆ. ಚಿಕ್ಕ ವಿಡಿಯೊಗಳಿಗೆ ಹೊಂದುವಂತೆ ಹಾಡನ್ನು ಮೊಟಕುಗೊಳಿಸುವ ಈ ರೂಢಿ ಇಂದು ಜಗತ್ತಿನೆಲ್ಲೆಡೆ ಇದೆ, ನಮ್ಮ ಚಿತ್ರಗೀತೆಗಳಿಗೂ ತಟ್ಟಿದೆ; ಹಾಗೆಂದು ಅದನ್ನು ಒಪ್ಪಿಕೊಳ್ಳಲು ನನ್ನಿಂದಾಗದು. ಎರಡನೆಯದಾಗಿ, ದನಿಗಳನ್ನು ಯಂತ್ರದ ಮೂಲಕ ಎಷ್ಟು ತಿದ್ದಿದ್ದಾರೆಂದರೆ ನನ್ನಂಥ ಹೊಸ ಕೇಳುಗನಿಗೆ ಐವರಲ್ಲಿ ಯಾರು ಯಾವ ಸಾಲು ಹಾಡಿದರು ಎಂದು ಗುರುತಿಸುವುದೇ ಕಷ್ಟ. ಆಟೊಟ್ಯೂನ್ ಎಂಬ ಈ ತಿದ್ದುವಿಕೆ ಈ ಶೈಲಿಯ ಭಾಗವೇ ಎಂದು ಮಕ್ಕಳು ನನಗೆ ವಿವರಿಸಿದ್ದಾರೆ, ‘ಗೋ!’ ಹಾಡಿಗೆ ಅದು ಒಪ್ಪುತ್ತದೆ ಕೂಡ. ಎಲ್ಲ ಕಡೆಯೂ ಬೇಕಿರಲಿಲ್ಲ. ಹದಿನಾರರ ಹುಡುಗನ ಕಂಠದಲ್ಲಿ ಸಹಜವಾಗಿಯೇ ಇರುವ ಒಡಕು, ಅಳುಕು ಕಿವಿಗೆ ಬೀಳಬೇಕಿತ್ತು.

ಈ ಐವರೂ ತಮ್ಮ ಹಾಡು, ನೃತ್ಯ, ವಿಡಿಯೊಗಳ ರಚನೆಯಲ್ಲಿ ತಾವೇ ಪಾಲ್ಗೊಂಡಿದ್ದಾರೆ. ತಂಡದ ನಾಯಕ ಮಾರ್ಟಿನ್ ತಾನು ವೇದಿಕೆಗೆ ಬರುವ ಮೊದಲೇ, 2024ರಲ್ಲಿ ಇಲಿಟ್ ಎಂಬ ಹುಡುಗಿಯರ ತಂಡಕ್ಕೆ ಹೆಸರು ತಂದ ‘ಮ್ಯಾಗ್ನೆಟಿಕ್’ ಹಾಡಿನ ಬರವಣಿಗೆಯಲ್ಲಿ ಕೈಜೋಡಿಸಿದ್ದ. ಅದೇ ಹಾಡಿನ ನೃತ್ಯ ಸಂಯೋಜನೆಯಲ್ಲಿ ತಂಡದ ಇನ್ನೊಬ್ಬ ಸದಸ್ಯ ಜೇಮ್ಸ್ ಇದ್ದ. ಸ್ವಂತ ಹಾಡು ಬರೆಯುವ ಕೆ-ಪಾಪ್ ತಂಡಗಳು ಹಿಂದೆಯೂ ಇದ್ದವು, ಸೆವೆಂಟೀನ್ ಮತ್ತು ಸ್ಟ್ರೇ ಕಿಡ್ಸ್ ಈಗಲೂ ಇವೆ, ಅಲ್ಲದೆ ಈ ಆಲ್ಬಂನ ರಚನಕಾರರ ಪಟ್ಟಿಯಲ್ಲಿ ಅನುಭವಿ ಸಂಯೋಜಕರ ಹೆಸರುಗಳೂ ಉಂಟು. ಆದರೂ ವರ್ಷಗಟ್ಟಲೆ ತರಬೇತಿ ಪಡೆದು, ಇತರರು ಬರೆದುಕೊಟ್ಟದ್ದನ್ನು ತಪ್ಪಿಲ್ಲದೆ ಒಪ್ಪಿಸುವುದೇ ಅರ್ಹತೆ ಎಂದು ನಂಬಿ ಬೆಳೆದ ಉದ್ಯಮದಲ್ಲಿ, ಶಾಲೆಯ ವಯಸ್ಸಿನ ಹುಡುಗರಿಗೆ ಇಷ್ಟು ಸ್ವಾತಂತ್ರ್ಯ ಕೊಟ್ಟಿದ್ದು ದೊಡ್ಡ ವಿಷಯವೆಂದೇ ನಾನು ಭಾವಿಸುತ್ತೇನೆ. ಬಿಗ್‌ಹಿಟ್‌ನ ಮಾತೃಸಂಸ್ಥೆಯಾದ ಹೈಬ್ ಮುಂಬೈಯಲ್ಲಿ ತನ್ನ ಭಾರತೀಯ ಶಾಖೆಯನ್ನು ತೆರೆದಿದೆ. ನಾಳೆ ನಮ್ಮ ಮಕ್ಕಳೂ ಅಲ್ಲಿಗೆ ಹಾಡಲು, ಕುಣಿಯಲು ಹೋಗಬಹುದು. ಆಗ ಅವರಿಗೆ ಬರೆಯುವ ಅವಕಾಶವೂ ಇರುತ್ತದೆಯೇ ಎಂಬ ಪ್ರಶ್ನೆಯನ್ನು ಪೋಷಕರು ಈಗಲೇ ಕೇಳಿಕೊಳ್ಳುವುದು ಒಳ್ಳೆಯದು.

ಮಾರಾಟದ ಅಂಕಿಗಳಲ್ಲಿ ಇವಾವುದೂ ಕಾಣುವುದಿಲ್ಲ. ಒಂದೇ ಆಲ್ಬಂ ಹಲವು ರೂಪಗಳಲ್ಲಿ ಬರುತ್ತದೆ, ಒಳಗೆ ಯಾವ ಸದಸ್ಯನ ಚಿತ್ರವಿರುವ ಫೋಟೊಕಾರ್ಡ್ ಇದೆ ಎಂದು ತೆರೆಯುವವರೆಗೆ ತಿಳಿಯದು, ತಮಗೆ ಬೇಕಾದವನ ಚಿತ್ರ ಸಿಗುವವರೆಗೆ ಅಭಿಮಾನಿಗಳು ಅದನ್ನೇ ಮತ್ತೆ ಕೊಳ್ಳುತ್ತಾರೆ. ಹೀಗೆ ಬೆಳೆದ ಸಂಖ್ಯೆಯನ್ನು ವರದಿ ಮಾಡಿದರೆ ಓದುಗನಿಗೆ ಹಾಡಿನ ಬಗ್ಗೆ ಏನೂ ತಿಳಿಯುವುದಿಲ್ಲ. ಆದ್ದರಿಂದ ನನ್ನ ವಿನಂತಿ ಇಷ್ಟೆ: ತಮ್ಮ ಪತ್ರಿಕೆಯ ವಾರದ ಪುರವಣಿಯಲ್ಲಿ ಚಲನಚಿತ್ರ ವಿಮರ್ಶೆಗೆ ಕೊಡುವ ಜಾಗದ ಕಾಲುಭಾಗವನ್ನಾದರೂ ಹೊಸ ಸಂಗೀತದ ವಿಮರ್ಶೆಗೆ, ಅದು ಕೊರಿಯಾದ್ದಿರಲಿ ಕನ್ನಡದ್ದಿರಲಿ, ಮೀಸಲಿಡಿ, ಅದನ್ನು ಬರೆಯಲು ತಾಳ, ಶ್ರುತಿ ಬಲ್ಲವರನ್ನೂ ಈ ಹಾಡುಗಳನ್ನು ದಿನವೂ ಕೇಳುವ ಯುವಕ ಯುವತಿಯರನ್ನೂ ಆಹ್ವಾನಿಸಿ.

ಇತಿ,
ತಮ್ಮ ಪತ್ರಿಕೆಯ ಓದುಗ
ಶಿವಮೊಗ್ಗ