ವಾಪಸ್ ಬಂದ ಎರಡನೆಯ ಅಧ್ಯಾಯ

ಪ್ರಿಯ ಗೆಳೆಯಾ,

ನಿನ್ನ ಸಂಶೋಧನಾ ಪ್ರಬಂಧದ ಎರಡನೆಯ ಅಧ್ಯಾಯ ವಾಪಸ್ ಬಂತೆಂದು ಬೇಸರದಿಂದ ಬರೆದಿದ್ದೀಯ. ನನ್ನದೂ ಬಂದಿತ್ತು, ಮೂರು ಸಲ. ಪೂರ್ವ ಅಧ್ಯಯನಗಳ ಸಮೀಕ್ಷೆ, 42 ಪುಟ. ಮಾರ್ಗದರ್ಶಕರು ಹೆಚ್ಚೇನೂ ಬರೆದಿರಲಿಲ್ಲ. ಏಳನೆಯ ಪುಟದ ಅಂಚಿನಲ್ಲಿ ಪೆನ್ಸಿಲಿನಿಂದ ‘ಇವರೆಲ್ಲ ಹೇಳಿದ್ದಾಯಿತು, ನೀವು ಎಲ್ಲಿದ್ದೀರಿ?’ ಎಂದಿತ್ತು. ಮುಂದಿನ ಪುಟಗಳನ್ನು ಅವರು ಓದಲೇ ಇಲ್ಲವೇನೋ ಎಂಬ ಅನುಮಾನ ನನಗೆ ಈಗಲೂ ಇದೆ.

ಸಿಟ್ಟು ಇಳಿದ ಮೇಲೆ ಪ್ರತಿ ಪ್ಯಾರಾದ ಪಕ್ಕದಲ್ಲಿ, ಅದು ಹೇಳುವುದೇನು ಎಂದು ಒಂದೊಂದೇ ಸಾಲು ಬರೆಯುತ್ತಾ ಹೋದೆ. ಹನ್ನೊಂದು ಪ್ಯಾರಾಗಳ ಪಕ್ಕದಲ್ಲಿ ‘ಇವರು ಹೀಗೆಂದರು’ ಎನ್ನುವುದರ ಹೊರತು ಬರೆಯಲು ಏನೂ ಸಿಗಲಿಲ್ಲ. ಸಮೀಕ್ಷೆ ಎಂದುಕೊಂಡು ನಾನು ಬರೆದದ್ದು ಹಾಜರಿ ಪುಸ್ತಕ. ಒಬ್ಬೊಬ್ಬರ ಹೆಸರು ಕೂಗಿದ್ದೆ, ಯಾರನ್ನೂ ಯಾರೊಂದಿಗೂ ಮಾತಾಡಿಸಿರಲಿಲ್ಲ. ದೊಡ್ಡ ಹಾಳೆಯೊಂದರಲ್ಲಿ ಕೋಷ್ಟಕ ಹಾಕಿದೆ. ಎಡಕ್ಕೆ ಲೇಖನಗಳು, ಮೇಲುಗಡೆ ಪ್ರಶ್ನೆಗಳು. ಅಡ್ಡಸಾಲು ಬಿಟ್ಟು ಮೇಲಿನಿಂದ ಕೆಳಕ್ಕೆ ಓದಿದಾಗ, ಒಂದೇ ಪ್ರಶ್ನೆಗೆ ಯಾರು ತಲೆದೂಗಿದ್ದಾರೆ, ಯಾರು ತಕರಾರು ತೆಗೆದಿದ್ದಾರೆ ಎಂಬುದು ಕಾಣಿಸಿತು. ಒಂದು ಕಾಲಂ ಹೆಚ್ಚುಕಡಿಮೆ ಖಾಲಿ ಇತ್ತು. ಪೆನ್ಸಿಲಿನ ಪ್ರಶ್ನೆಗೆ ಉತ್ತರ ಅಲ್ಲಿತ್ತು.

ಸಂಶೋಧನಾ ಲೇಖನಗಳ ಪೀಠಿಕೆಗಳನ್ನು ಬಿಡಿಸಿ ನೋಡಿದ ಭಾಷಾವಿಜ್ಞಾನಿ ಜಾನ್ ಸ್ವೇಲ್ಸ್ 1990ರಲ್ಲಿ ಮೂರು ಹೆಜ್ಜೆಗಳನ್ನು ವಿವರಿಸಿದರು. ಕ್ಷೇತ್ರ ಯಾವುದೆಂದು ತೋರಿಸುವುದು, ಅದರಲ್ಲಿ ಉಳಿದ ತೆರವನ್ನು ತೋರಿಸುವುದು, ಆ ತೆರವಿನಲ್ಲಿ ತಾನು ನಿಲ್ಲುವುದು. ನಾವೋ ವಾಮನನಂತೆ ಮೊದಲ ಹೆಜ್ಜೆಗೇ ಭೂಮಿಯನ್ನೆಲ್ಲ ಅಳೆದುಬಿಡುತ್ತೇವೆ. ಮೂರನೆಯದಕ್ಕೆ ಜಾಗವಿಲ್ಲದೆ ನಮ್ಮ ತಲೆಯನ್ನೇ ಒಡ್ಡಬೇಕಾಗುತ್ತದೆ.

ನೀನು ಕಳಿಸಿದ ಪ್ರತಿಯಲ್ಲಿ ‘ಗುಂಪು ಚರ್ಚೆಯಿಂದ ಕಲಿಕೆ ಸುಧಾರಿಸುತ್ತದೆ ಎಂಬುದು ಸಾಬೀತಾಗಿದೆ’ ಎಂಬ ವಾಕ್ಯವಿದೆ. ನೀನು ನೋಡಿದ್ದು ಎರಡು ತರಗತಿ, ಮಾರಾಯ! ‘ಗಮನಿಸಿದ ಎರಡು ತರಗತಿಗಳಲ್ಲಿ, ಗುಂಪು ಚರ್ಚೆಯ ನಂತರ ವಿದ್ಯಾರ್ಥಿಗಳ ಉತ್ತರಗಳು ಹೆಚ್ಚು ವಿವರವಾಗಿದ್ದವು’ ಎಂದು ಬರೆ. ಮಾತು ಸಣ್ಣದಾಯಿತು ಅನ್ನಿಸಬಹುದು. ಆದರೆ ಪರೀಕ್ಷಕರು ಅದನ್ನು ಅಲುಗಾಡಿಸಲಾರರು. ಡಿಎನ್‌ಎ ರಚನೆಯ ಕುರಿತು ವಾಟ್ಸನ್ ಮತ್ತು ಕ್ರಿಕ್ 1953ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಪ್ರಕಟಿಸಿದ ಲೇಖನ ಒಂದು ಪುಟಕ್ಕಿಂತ ತುಸುವೇ ಹೆಚ್ಚು. ಆನುವಂಶಿಕ ವಸ್ತು ನಕಲಾಗುವ ಬಗೆಯ ಸುಳಿವನ್ನು, ಅದು ತಮ್ಮ ಗಮನಕ್ಕೆ ಬಾರದೇ ಇಲ್ಲ ಎಂಬ ಧಾಟಿಯಲ್ಲಿ, ಒಂದೇ ವಾಕ್ಯದಲ್ಲಿ ಕೊಟ್ಟು ಸುಮ್ಮನಾಗಿದ್ದಾರೆ. ನಮಗೆ ಅಷ್ಟು ಜಾಗ ಕೃತಜ್ಞತೆಗಳಿಗೇ ಸಾಲದು.

ಉಲ್ಲೇಖಗಳನ್ನು ಜೋಡಿಸಿಡಲು ಝೊಟೆರೊ ಎಂಬ ತಂತ್ರಾಂಶ ಬಳಸು, ಉಚಿತವಾಗಿ ಸಿಗುತ್ತದೆ. ಟಿಪ್ಪಣಿ ಮಾಡಿಕೊಳ್ಳುವಾಗಲೇ ಪುಟಸಂಖ್ಯೆ ಹಾಕಿಕೊ. ಒಂದೇ ಒಂದು ಪುಟಸಂಖ್ಯೆಗಾಗಿ ನಾನು ಇಡೀ ಪುಸ್ತಕವನ್ನು ಮತ್ತೆ ತಿರುವಿಹಾಕಿದ್ದೇನೆ.

ಮುಂದಿನ ಸಲ ಇಡೀ ಅಧ್ಯಾಯ ಕಳಿಸಬೇಡ, ಕೋಷ್ಟಕವನ್ನಷ್ಟೇ ಕಳಿಸು. ಪೆನ್ಸಿಲು ನನ್ನ ಹತ್ತಿರವೂ ಇದೆ.

ನಿನ್ನ ಗೆಳೆಯ