ಮಗಳಿಗೊಂದು ಪತ್ರ: ಬಾರ್ನಬನು ಎರಡನೆಯವನಾದಾಗ

ಕರ್ತನಲ್ಲಿ ಪ್ರಿಯಳಾದ ಮಗಳೇ,

ನಿನ್ನ ಪತ್ರ ಕೈಸೇರಿತು. ನೀನೇ ಸ್ವರ ಹಿಡಿಯಲು ಕಲಿಸಿ ಕ್ವಾಯರಿಗೆ ಕರೆತಂದ ಹುಡುಗಿಯನ್ನು ಈ ವರ್ಷ ಮುಂದಾಳಾಗಿ ನೇಮಿಸಿದ್ದಾರೆಂದೂ, ಅದರಿಂದ ಮನಸ್ಸು ಬಹಳ ನೊಂದಿದೆಯೆಂದೂ, ಇನ್ನು ಕ್ವಾಯರನ್ನೇ ಬಿಟ್ಟು ಹಿಂದಿನ ಬೆಂಚಿನಲ್ಲಿ ಕುಳಿತು ಆರಾಧಿಸುವುದೇ ದೀನತೆಯ ಮಾರ್ಗವೆಂದು ತೋರುತ್ತಿದೆಯೆಂದೂ ಬರೆದಿದ್ದೀಯೆ. ನೋವನ್ನು ಮುಚ್ಚಿಡದೆ ಹೇಳಿದ್ದು ಒಳ್ಳೆಯದಾಯಿತು. ಆದರೆ ಕಡೆಯ ಮಾತನ್ನು ನಾನು ಒಪ್ಪಲಾರೆ. ಮುಂದಿನ ಸ್ಥಾನ ಸಿಗದಿದ್ದರೆ ಯಾವ ಸ್ಥಾನವೂ ಬೇಡವೆಂದು ಎದ್ದುಹೋಗುವುದು ಹೆಮ್ಮೆಯೇ ಮಗಳೇ, ಮತ್ತು ಸಭೆಯೊಳಗೆ ಹೆಮ್ಮೆಯು ಬಹುಮಟ್ಟಿಗೆ ಇಂಥ ಭಕ್ತಿಯ ಉಡುಪಿನಲ್ಲಿಯೇ ಬರುತ್ತದೆ. ಸಭೆಯಲ್ಲಿ ಯಾರೂ ಅದನ್ನು ತಪ್ಪೆನ್ನುವುದಿಲ್ಲ, ಆದ್ದರಿಂದಲೇ ಅದು ಹೆಚ್ಚು ಅಪಾಯಕರ.

ಬೈಬಲಿನ ಅಪೊಸ್ತಲರ ಕೃತ್ಯಗಳನ್ನು ಬಾರ್ನಬನೊಬ್ಬನನ್ನೇ ಹಿಂಬಾಲಿಸುತ್ತ ಒಮ್ಮೆ ಓದು. ಅವನು ಕುಪ್ರದ್ವೀಪದಲ್ಲಿ ಹುಟ್ಟಿದ ಲೇವಿಯನು, ತನ್ನ ಹೊಲವನ್ನು ಮಾರಿ ಬಂದ ಹಣವನ್ನು ಅಪೊಸ್ತಲರ ಪಾದಗಳ ಬಳಿ ತಂದಿಟ್ಟವನು. ಸಭೆಯನ್ನು ಹಿಂಸಿಸುತ್ತಿದ್ದ ಸೌಲನು ಮಾರ್ಪಟ್ಟು ಯೆರೂಸಲೇಮಿಗೆ ಬಂದಾಗ ಶಿಷ್ಯರೆಲ್ಲರೂ ಅವನಿಗೆ ಹೆದರಿ ದೂರ ನಿಂತರು. ಅವನನ್ನು ಅಪೊಸ್ತಲರ ಬಳಿಗೆ ಕರೆದೊಯ್ದು ಅವನ ಪರವಾಗಿ ಮಾತನಾಡಿದವನು ಬಾರ್ನಬನು. ಮುಂದೆ ಅಂತಿಯೋಕ್ಯದಲ್ಲಿ ವಿಶ್ವಾಸಿಗಳ ಸಂಖ್ಯೆ ಹೆಚ್ಚಿ, ಅಲ್ಲಿಗೆ ಕಳುಹಿಸಲ್ಪಟ್ಟಿದ್ದ ಬಾರ್ನಬನ ಮಾತಿಗೆ ಬೆಲೆಯಿದ್ದ ಕಾಲದಲ್ಲಿ, ಅವನು ಆ ಕೀರ್ತಿಯನ್ನು ತನ್ನೊಬ್ಬನಿಗೇ ಇಟ್ಟುಕೊಳ್ಳದೆ ತಾರ್ಸದವರೆಗೂ ಹೋಗಿ ಸೌಲನನ್ನು ಹುಡುಕಿ ಕರೆತಂದನು. ಇಬ್ಬರೂ ಒಂದು ವರ್ಷ ಪೂರ್ತಿ ಅಲ್ಲಿ ಉಪದೇಶಿಸಿದರು.

ಆಮೇಲೆ ನಡೆದದ್ದನ್ನು ಆ ಪುಸ್ತಕವನ್ನು ಬರೆದ ಲೂಕನು ಎಲ್ಲಿಯೂ ವಿವರಿಸದೆ, ಹೆಸರುಗಳ ಕ್ರಮದಲ್ಲಿಯೇ ನಮಗೆ ತೋರಿಸುತ್ತಾನೆ. ಹದಿಮೂರನೆಯ ಅಧ್ಯಾಯದ ಆರಂಭದಲ್ಲಿ ಪವಿತ್ರಾತ್ಮನು ಕರೆಯುವುದು ಬಾರ್ನಬನನ್ನೂ ಸೌಲನನ್ನೂ. ಇಬ್ಬರೂ ಕುಪ್ರದ್ವೀಪಕ್ಕೆ ಹೋಗುತ್ತಾರೆ. ಅಲ್ಲಿ ಪಾಫೋಸಿನಲ್ಲಿ ಅಧಿಪತಿಯ ಮುಂದೆ ಮಂತ್ರವಾದಿಯೊಬ್ಬನು ಅಡ್ಡಿಪಡಿಸಿದಾಗ ಎದುರು ನಿಂತು ಮಾತನಾಡುವವನು ಪೌಲನು, ಅಂದರೆ ಅದೇ ಸೌಲನು. ದ್ವೀಪವನ್ನು ಬಿಟ್ಟು ಹಡಗು ಹತ್ತುವ ಹೊತ್ತಿಗೆ ಲೂಕನು ಅವರನ್ನು ‘ಪೌಲನೂ ಅವನ ಜೊತೆಯಲ್ಲಿದ್ದವರೂ’ ಎಂದು ಬರೆಯುತ್ತಾನೆ. ಬಾರ್ನಬನ ಹೆಸರೇ ಅಲ್ಲಿಲ್ಲ. ಅಲ್ಲಲ್ಲಿ ಹಳೆಯ ಕ್ರಮ ಮತ್ತೆ ಕಂಡರೂ, ಅಂದಿನಿಂದ ಹೆಚ್ಚಾಗಿ ಪೌಲನ ಹೆಸರೇ ಮುಂದೆ. ಇದು ಬಾರ್ನಬನ ಸ್ವಂತ ನಾಡಿನಲ್ಲಿ, ತನ್ನವರ ಕಣ್ಣೆದುರಿಗೆ ಆದ ಬದಲಾವಣೆ ಎಂಬುದನ್ನು ನೆನೆದಾಗಲೆಲ್ಲ ನನ್ನ ಮನಸ್ಸು ಅಲ್ಲಿಯೇ ನಿಲ್ಲುತ್ತದೆ. ‘ಇವನನ್ನು ಕರೆತಂದವನು ನಾನು’ ಎಂದು ಅವನು ಹೇಳಿದ್ದಾಗಿ ಒಂದಕ್ಷರವೂ ಇಲ್ಲ. ಅವನು ಊರಿನಲ್ಲಿಯೇ ಉಳಿಯಲಿಲ್ಲ, ಪೌಲನ ಜೊತೆ ಮುಂದಿನ ಪಟ್ಟಣಕ್ಕೆ ಹೊರಟನು. ಲುಸ್ತ್ರದಲ್ಲಿ ಜನರು ಬಾರ್ನಬನನ್ನು ತಮ್ಮ ಮುಖ್ಯ ದೇವರೆಂದೇ ಕರೆದು ಎತ್ತುಗಳನ್ನೂ ಹೂವಿನ ಹಾರಗಳನ್ನೂ ತಂದಾಗ, ತಾನಾಗಿಯೇ ಬಂದ ಆ ಮೊದಲ ಸ್ಥಾನಕ್ಕೆ ಅವನು ಬಟ್ಟೆ ಹರಿದುಕೊಂಡು, ನಾವೂ ನಿಮ್ಮಂಥ ಮನುಷ್ಯರೇ ಎಂದು ಪೌಲನೊಡನೆ ಕೂಗಿದನು.

ಇಷ್ಟು ಓದಿ ಬಾರ್ನಬನು ಬಾಯಿಲ್ಲದವನೆಂದು ತಿಳಿಯಬೇಡ. ನಡುದಾರಿಯಲ್ಲಿ ಬಿಟ್ಟುಹೋಗಿದ್ದ ಮಾರ್ಕನನ್ನು ಮತ್ತೆ ಜೊತೆಗೆ ಕರೆದುಕೊಳ್ಳಬೇಕೆಂದು ಅವನು ಪೌಲನೊಡನೆ ತೀಕ್ಷ್ಣವಾಗಿಯೇ ವಾದಿಸಿದನು; ಇಬ್ಬರೂ ಅಗಲಿದರು. ತನ್ನ ಹೆಸರು ಹಿಂದಾದಾಗ ಸುಮ್ಮನಿದ್ದವನು, ಸೋತುಹೋದ ಒಬ್ಬ ಯುವಕನಿಗಾಗಿ ಪಟ್ಟು ಹಿಡಿದನು. ಪೌಲನೇ ತನ್ನ ಕಡೆಯ ದಿನಗಳಲ್ಲಿ, ಮಾರ್ಕನನ್ನು ಕರೆದುಕೊಂಡು ಬಾ, ಅವನು ಸೇವೆಗೆ ಉಪಯುಕ್ತನೆಂದು ತನ್ನ ಜೊತೆಗಾರ ತಿಮೊಥೆಯನಿಗೆ ಬರೆದನು. ಆದ್ದರಿಂದ ನೇಮಕದಲ್ಲಿ ನಿಜವಾಗಿ ಅನ್ಯಾಯವಾಗಿದೆಯೆಂದು ನಿನಗೆ ಅನಿಸಿದರೆ ಸಭಾಪಾಲಕರ ಬಳಿ ನೇರವಾಗಿ ಹೋಗಿ ಮರ್ಯಾದೆಯಿಂದ ಹೇಳು. ಗೆಳತಿಯರ ಗುಂಪಿನಲ್ಲಿ ಮಾತ್ರ ಹೇಳಿಕೊಂಡು ತಿರುಗಬೇಡ.

ಎರಡನೆಯವನಾಗಿ ನಿಲ್ಲುವ ಬಲ ಬಾರ್ನಬನಿಗೆ ಎಲ್ಲಿಂದ ಬಂತು ಎಂದು ಯೋಚಿಸಿದಾಗ ನನಗೆ ಕಾಣುವುದು ಯೋಹಾನನ ಸುವಾರ್ತೆಯ ಹದಿಮೂರನೆಯ ಅಧ್ಯಾಯ. ತಂದೆಯು ಎಲ್ಲವನ್ನೂ ತನ್ನ ಕೈಗೆ ಕೊಟ್ಟಿದ್ದಾನೆಂದೂ, ತಾನು ದೇವರ ಬಳಿಯಿಂದ ಬಂದು ದೇವರ ಬಳಿಗೆ ಹೋಗುತ್ತೇನೆಂದೂ ತಿಳಿದವನಾಗಿಯೇ ಯೇಸು ಮೇಲುಹೊದಿಕೆಯನ್ನು ತೆಗೆದಿಟ್ಟು, ಟವೆಲನ್ನು ನಡುವಿಗೆ ಕಟ್ಟಿಕೊಂಡು, ಶಿಷ್ಯರ ಕಾಲುಗಳನ್ನು ತೊಳೆದನು. ತಾನು ಏನೂ ಅಲ್ಲವೆಂದುಕೊಂಡು ಆತನು ಬಗ್ಗಲಿಲ್ಲ. ತಾನು ಯಾರೆಂಬುದು ಆತನಿಗೆ ಚೆನ್ನಾಗಿ ತಿಳಿದಿತ್ತು. ಹಾಗೆಯೇ ನಿನ್ನ ಕಂಠ ಚೆನ್ನಾಗಿಲ್ಲವೆಂದು ನೀನು ಹೇಳಿಕೊಳ್ಳಬೇಕಾಗಿಲ್ಲ. ಅದು ಚೆನ್ನಾಗಿದೆ, ದೇವರು ಕೊಟ್ಟದ್ದು. ಕೊರಿಂಥದ ಸಭೆಯವರು ತಾವು ಪೌಲನವರು, ಇನ್ನೊಬ್ಬ ಬೋಧಕನಾದ ಅಪೊಲ್ಲೋಸನವರು ಎಂದು ಗುಂಪು ಕಟ್ಟಿಕೊಂಡಾಗ, ನಾನು ನೆಟ್ಟೆನು, ಅಪೊಲ್ಲೋಸನು ನೀರು ಹಾಕಿದನು, ಬೆಳೆಸಿದವನು ದೇವರು ಎಂದು ಪೌಲನು ಬರೆದನಲ್ಲವೇ? ಆ ಹುಡುಗಿಯ ವಿಷಯದಲ್ಲಿ ನೆಡುವ ಕೆಲಸ ನಿನ್ನ ಪಾಲಿಗೆ ಬಂದಿತ್ತು.

ನಿನ್ನ ಅಜ್ಜಿ ನಮ್ಮ ಸಭೆಯ ಸ್ತ್ರೀಯರ ಸಂಘದ ಅಧ್ಯಕ್ಷೆಯಾಗಿದ್ದದ್ದು ನಿನಗೆ ನೆನಪಿರಲಾರದು, ಆಗ ನೀನು ಬಹಳ ಚಿಕ್ಕವಳು. ಆ ಸ್ಥಾನ ಅವರಿಗಿಂತ ಕಿರಿಯರೊಬ್ಬರಿಗೆ ಹೋದಾಗ ಅವರು ಲೆಕ್ಕದ ಪುಸ್ತಕದ ಜೊತೆಗೆ ರಸೀದಿಗಳನ್ನೆಲ್ಲ ತಿಂಗಳುವಾರು ದಾರ ಕಟ್ಟಿ ಕೊಟ್ಟರು. ಯಾವ ಮನೆಯಲ್ಲಿ ಹಾಸಿಗೆ ಹಿಡಿದವರಿದ್ದಾರೆ, ಯಾರ ಮನೆಗೆ ಹಬ್ಬಕ್ಕೆ ಮೊದಲು ಅಕ್ಕಿ ಹೋಗಬೇಕು ಎಂಬುದನ್ನು ಒಂದು ಹಾಳೆಯಲ್ಲಿ ಬರೆದು ಆ ಪುಸ್ತಕದೊಳಗೇ ಇಟ್ಟಿದ್ದರು. ಆಮೇಲೆ ಕೂಟ ನಡೆಯುವಾಗ, ತಮ್ಮನ್ನು ಕೇಳಿದರೆ ಮಾತ್ರ ಮಾತನಾಡುತ್ತಿದ್ದರು. ಅವರ ದೀನತೆಯನ್ನು ಯಾರೂ ಹೊಗಳಲಿಲ್ಲ, ಏಕೆಂದರೆ ಅದು ಯಾರ ಕಣ್ಣಿಗೂ ಬೀಳುವಂತಿರಲಿಲ್ಲ.

ನೀನೂ ಹಾಗೆಯೇ ಮಾಡಬೇಕೆಂಬುದು ನನ್ನ ಆಸೆ. ಯಾವ ಕೀರ್ತನೆಗೆ ಯಾವ ರಾಗ, ಯಾವ ಚರಣದಲ್ಲಿ ಉಸಿರು ತೆಗೆದುಕೊಳ್ಳಬೇಕು ಎಂದು ನೀನು ಗುರುತು ಹಾಕಿಟ್ಟುಕೊಂಡ ಪುಸ್ತಕವನ್ನು ಆ ಹುಡುಗಿಗೆ ಕೊಡು. ಅಭ್ಯಾಸದಲ್ಲಿ ಅವಳು ತಪ್ಪಿದರೆ ಎಲ್ಲರ ಮುಂದೆ ತಿದ್ದಬೇಡ, ಆಮೇಲೆ ಒಬ್ಬಳಿದ್ದಾಗ ಹೇಳು. ಚೆನ್ನಾಗಿ ನಡೆಸಿದ ದಿನ ಮಾತ್ರ ಎಲ್ಲರ ಮುಂದೆಯೇ ಹೇಳು. ಮೊದಮೊದಲು ಹೇಳುವಾಗ ಗಂಟಲು ಕಟ್ಟಬಹುದು. ಕಟ್ಟಿದರೂ ಪರವಾಗಿಲ್ಲ, ಮನಸ್ಸು ಪೂರ್ತಿಯಾಗಿ ತಿಳಿಯಾಗುವವರೆಗೆ ಒಳ್ಳೆಯದನ್ನು ಮಾಡದೆ ಕಾಯಬೇಕೆಂದು ಕರ್ತನು ಎಲ್ಲಿಯೂ ಹೇಳಲಿಲ್ಲ. ರಾತ್ರಿ ಪ್ರಾರ್ಥಿಸುವಾಗ ಅವಳ ಹೆಸರನ್ನು ಬಾಯಿಬಿಟ್ಟು ಹೇಳು.

ನಿಮ್ಮ ಕ್ವಾಯರಿನಲ್ಲಿ ಆಲ್ಟೋ, ಅಂದರೆ ಹೆಂಗಸರ ಕೆಳಸ್ವರ, ಹಾಡುವವರು ಸಾಲದೆಂದು ಹಿಂದೆ ಬರೆದಿದ್ದೆಯಲ್ಲ, ಈ ವಾರದ ಅಭ್ಯಾಸಕ್ಕೆ ಹೋಗಿ ಆ ಸಾಲಿನಲ್ಲಿ ನಿಂತುಕೋ. ಅಪ್ಪ ನಿನ್ನನ್ನು ವಿಚಾರಿಸಿದ್ದಾರೆ.

ಪ್ರೀತಿಯಿಂದ,
ನಿನ್ನ ಅಮ್ಮ