ಕಂಪನಿಗೆ ಹೋದವರು ವಿಜ್ಞಾನ ಬಿಟ್ಟವರಲ್ಲ

ಸಂಪಾದಕರೇ,

ಪಿಎಚ್‌ಡಿ ಮುಗಿಸಿ ಕಂಪನಿ ಸೇರುತ್ತೇನೆ ಅಂದ ವಿದ್ಯಾರ್ಥಿಯನ್ನು ‘ಒಳ್ಳೆ ತಲೆ, ಹಾಳಾಯ್ತು’ ಅನ್ನುವ ಹಾಗೆ ನೋಡುವ ಗೈಡ್‌ಗಳು ಈಗಲೂ ಇದ್ದಾರೆ. ಇದು ನಿಲ್ಲಬೇಕು. ನಾನು ಪೋಸ್ಟ್‌ಡಾಕ್ (ಪಿಎಚ್‌ಡಿ ನಂತರದ ಸಂಶೋಧನೆ) ಮುಗಿಸಿ ಔಷಧ ಕಂಪನಿಯ ಪ್ರೊಸೆಸ್ ಕೆಮಿಸ್ಟ್ರಿ ವಿಭಾಗಕ್ಕೆ, ಅಂದರೆ ಲ್ಯಾಬ್‌ನಲ್ಲಿ ಮಾಡಿದ್ದನ್ನು ದೊಡ್ಡ ಪ್ರಮಾಣದಲ್ಲಿ ಮಾಡುವ ದಾರಿ ಹುಡುಕುವ ವಿಭಾಗಕ್ಕೆ ಬಂದವಳು. ಇಲ್ಲಿ ವಿಜ್ಞಾನ ಕಡಿಮೆ ಅಂದರೆ ನನಗೆ ನಿಜಕ್ಕೂ ಸಿಟ್ಟು ಬರುತ್ತದೆ.

500 ಮಿಲಿಲೀಟರ್ ಫ್ಲಾಸ್ಕ್‌ನಲ್ಲಿ ಚೆನ್ನಾಗಿ ನಡೆದ ರಿಯಾಕ್ಷನ್ನನ್ನು 500 ಲೀಟರ್ ರಿಯಾಕ್ಟರ್‌ನಲ್ಲಿ ಸುಮ್ನೆ ಹಾಗೇ ಮಾಡಲು ಆಗುವುದಿಲ್ಲ. ಪಾತ್ರೆಯ ಉದ್ದ, ಅಗಲ, ಎತ್ತರ 10 ಪಟ್ಟಾದರೆ ಒಳಗಿನ ದ್ರವ 1000 ಪಟ್ಟಾಗುತ್ತದೆ, ಶಾಖ ಹೊರಗೆ ಹೋಗಬೇಕಾದ ಗೋಡೆ ಮಾತ್ರ 100 ಪಟ್ಟು. ಫ್ಲಾಸ್ಕನ್ನು ಐಸ್‌ನಲ್ಲಿಟ್ಟು ಮರೆತುಬಿಡುತ್ತಿದ್ದ ಬಿಸಿಯೇ ರಿಯಾಕ್ಟರ್‌ನಲ್ಲಿ ಅಪಾಯ. ರಿಯಾಜೆಂಟನ್ನು (ರಿಯಾಕ್ಷನ್‌ಗೆ ಸೇರಿಸುವ ರಾಸಾಯನಿಕ) ಎಷ್ಟು ನಿಧಾನವಾಗಿ ಸೇರಿಸಬೇಕು, ಮಧ್ಯೆ ಕೂಲಿಂಗ್ ನಿಂತರೆ ಏನಾಗುತ್ತದೆ, ಜಾಸ್ತಿ ಹೊತ್ತು ತೆಗೆದುಕೊಂಡಿದ್ದಕ್ಕೆ ಹೊಸ ಇಂಪ್ಯೂರಿಟಿ (ಬೇಡದ ವಸ್ತು) ಏನಾದರೂ ಹುಟ್ಟಿತಾ ಅಂತ ತಿಂಗಳುಗಟ್ಟಲೆ ಹುಡುಕುತ್ತೇವೆ. ಇದು ಸಂಶೋಧನೆ ಅಲ್ವಾ?

ಸಂಶೋಧನಾ ಪೇಪರ್‌ಗಳಲ್ಲಿ ಎಲ್ಲರೂ ಬಳಸುವ ಟಿ-ಟೆಸ್ಟ್ (ಸರಾಸರಿಗಳ ವ್ಯತ್ಯಾಸ ನಿಜವೋ ಆಕಸ್ಮಿಕವೋ ಅಂತ ನೋಡುವ ಲೆಕ್ಕ) ಹುಟ್ಟಿದ್ದು ಗಿನ್ನೆಸ್ ಬಿಯರ್ ಕಂಪನಿಯ ಕೆಲಸದಿಂದ. ಅಲ್ಲಿದ್ದ ವಿಲಿಯಂ ಗಾಸೆಟ್ ಸ್ವಂತ ಹೆಸರು ಹಾಕುವಂತಿರಲಿಲ್ಲ, ಹಾಗಾಗಿ 1908ರಲ್ಲಿ ‘ಸ್ಟೂಡೆಂಟ್’ ಹೆಸರಲ್ಲಿ ಪ್ರಕಟಿಸಿದರು. 2002ರ ಕೆಮಿಸ್ಟ್ರಿ ನೊಬೆಲ್ ಹಂಚಿಕೊಂಡ ಕೊಯಿಚಿ ತನಾಕಾ ಶಿಮಾಡ್ಜು ಕಂಪನಿಯ ಎಂಜಿನಿಯರ್, ಅವರಿಗೆ ಆಗ ಪಿಎಚ್‌ಡಿಯೂ ಇರಲಿಲ್ಲ.

ಕಳೆದುಕೊಳ್ಳುವುದೂ ಇದೆ, ಅದನ್ನು ಮುಚ್ಚಿಡಬಾರದು. ಪೇಟೆಂಟ್ ಅರ್ಜಿ ಹಾಕುವವರೆಗೆ ಬಾಯಿ ಬಿಡುವಂತಿಲ್ಲ, ಎಷ್ಟೋ ಕೆಲಸ ಹೊರಗೆ ಬರುವುದೇ ಇಲ್ಲ. ಚೆನ್ನಾಗಿ ನಡೆಯುತ್ತಿದ್ದ ಪ್ರಾಜೆಕ್ಟನ್ನು ಒಂದು ಮೀಟಿಂಗ್‌ನಲ್ಲಿ ನಿಲ್ಲಿಸಿಬಿಡುತ್ತಾರೆ. ನೋವಾಗುತ್ತದೆ.

ಇದೆಲ್ಲ ವಿದ್ಯಾರ್ಥಿಗಳಿಗೆ ಮೊದಲೇ ಗೊತ್ತಿರಬೇಕು. ಇಂಟರ್‌ವ್ಯೂಗಳಲ್ಲಿ ಕೂತಾಗ ನೋಡುತ್ತೇನೆ, ಒಳ್ಳೆ ಕೆಲಸ ಮಾಡಿದವರೂ ಪೇಪರ್‌ಗಳ ಪಟ್ಟಿ ಓದುತ್ತಾ ಹೋಗುತ್ತಾರೆ. ಎಚ್‌ಪಿಎಲ್‌ಸಿ (ಮಿಶ್ರಣದಲ್ಲಿ ಏನೇನಿದೆ ಅಂತ ಬೇರ್ಪಡಿಸಿ ತೋರಿಸುವ ಯಂತ್ರ) ಕೆಟ್ಟಾಗ ಯಾರು ಸರಿ ಮಾಡುತ್ತಿದ್ದರು ಅಂತ ಕೇಳಿದರೆ ಮುಖ ಅರಳುತ್ತದೆ, ‘ನಾನೇ ಮಾಡುತ್ತಿದ್ದೆ’ ಅನ್ನುತ್ತಾರೆ. ನಮಗೆ ಬೇಕಾದದ್ದು ಆ ಮಾತೇ, ಅದು ರೆಸ್ಯೂಮೆಯಲ್ಲಿ ಎಲ್ಲೂ ಇರುವುದಿಲ್ಲ. ಹೇಳಿಕೊಡುವವರೇ ಇಲ್ಲವಲ್ಲ!

ಗೈಡ್‌ಗಳೇ, ಥೀಸಿಸ್ ಬರೆಯುವ ಗಡಿಬಿಡಿವರೆಗೆ ಕಾಯಬೇಡಿ. ಕಂಪನಿ ಸೇರಿದ ನಿಮ್ಮ ಹಳೇ ವಿದ್ಯಾರ್ಥಿಗಳನ್ನು ಲ್ಯಾಬ್ ಮೀಟಿಂಗ್‌ಗೆ ಕರೆಸಿ, ಎರಡು ತಿಂಗಳು ಇಂಟರ್ನ್‌ಶಿಪ್‌ಗೆ ಹೋಗುತ್ತೇನೆ ಅಂದವರನ್ನು ಮುಖ ಗಂಟಿಕ್ಕದೆ ಕಳಿಸಿಕೊಡಿ.

– ಒಬ್ಬ ಪ್ರೊಸೆಸ್ ಕೆಮಿಸ್ಟ್